ಪಿಂಗಾಣಿಯ ಮೃಗಶಾಲೆ

ಆರುನೂರು ಮಂದಿ ಸೈನಿಕರನ್ನು ಕೊಟ್ಟು ನೂರೈವತ್ತೊಂದು ಪಿಂಗಾಣಿ ಸಾಮಾನುಗಳನ್ನು ಕೊಂಡ ದೊರೆಯೊಬ್ಬನಿದ್ದನೆಂದರೆ ಯಾರಿಗಾದರೂ ಅದು ಕಟ್ಟುಕಥೆಯೆಂದೇ ತೋರೀತು. ಆದರೆ ಇದು ನಡೆದ ಸಂಗತಿ. ೧೭೧೭ನೆಯ ಇಸವಿಯಲ್ಲಿ, ಜರ್ಮನಿಯ ಸ್ಯಾಕ್ಸನಿ ಸಂಸ್ಥಾನದ ಅಧಿಪತಿಯೂ ಪೋಲೆಂಡಿನ ದೊರೆಯೂ ಆಗಿದ್ದ ಅಗಸ್ಟಸನು ತನ್ನ ಸೇನೆಯ ಆರುನೂರು ಮಂದಿ ಸವಾರರನ್ನು ನೆರೆಯ ಪ್ರಷ್ಯದ ರಾಜನಿಗೆ ಒಪ್ಪಿಸಿ, ಪ್ರತಿಯಾಗಿ ಆತನ ಅರಮನೆಗಳಲ್ಲಿದ್ದ ಪಿಂಗಾಣಿಯನ್ನು ತರಿಸಿಕೊಂಡನು. ಅವುಗಳ ಪೈಕಿ ನೀಲಿ ಚಿತ್ತಾರದ ದೊಡ್ಡ ಚೀನೀ ಭರಣಿಗಳು ಇಂದಿಗೂ ಡ್ರೆಸ್ಡೆನ್ ನಗರದ ವಸ್ತುಸಂಗ್ರಹಾಲಯದಲ್ಲಿವೆ. ‘ಸವಾರರ ಭರಣಿಗಳು’ ಎಂಬ ಹೆಸರೇ ಅವುಗಳಿಗೆ ನಿಂತುಹೋಗಿದೆ. ವಿನಿಮಯಗೊಂಡ ಆ ಆರುನೂರು ಮಂದಿಯ ಅಭಿಪ್ರಾಯವನ್ನು ಯಾರೂ ಕೇಳಿದಂತಿಲ್ಲ.

ತನಗೆ ಅಂಟಿರುವುದು ಪಿಂಗಾಣಿಯ ರೋಗವೆಂದು ಅಗಸ್ಟಸನೇ ಒಪ್ಪಿಕೊಂಡಿದ್ದನು. ಆ ರೋಗದ ಫಲವಾಗಿ ಜಗತ್ತಿಗೆ ಒಂದು ಹೊಸ ಕಲೆ ದೊರೆಯಿತು. ಇಂದು ಯೂರೋಪು ಅಮೆರಿಕಗಳ ಎಷ್ಟೋ ಮನೆಗಳ ಗಾಜಿನ ಬೀರುಗಳಲ್ಲಿ ಕುಳಿತಿರುವ ಅಂಗೈಯಗಲದ ನಾಯಿ, ಕುದುರೆ, ಮಿಂಚುಳ್ಳಿ, ಹಂಸಗಳೆಲ್ಲವೂ ಆ ದೊರೆಯ ಹುಚ್ಚಿಗೂ, ಆತನ ಸೇವೆಯಲ್ಲಿದ್ದ ಶಿಲ್ಪಿಯೊಬ್ಬನ ಕಣ್ಣಿಗೂ ಋಣಿಗಳು. ದೊರೆ ಬಯಸಿದ್ದು ದೊಡ್ಡದನ್ನು. ಬಾಳಿದ್ದು ಮಾತ್ರ ಚಿಕ್ಕದು. ಅದು ಹೇಗೆಂಬುದೇ ಈ ಲೇಖನದ ಕಥೆ.

ಬಿಳಿಯ ಬಂಗಾರ

ಶತಮಾನಗಳ ಕಾಲ ಪಿಂಗಾಣಿಯ ಗುಟ್ಟು ಚೀನ, ಕೊರಿಯ, ಜಪಾನುಗಳನ್ನು ಬಿಟ್ಟು ಬೇರೆಯವರಿಗೆ ತಿಳಿದಿರಲಿಲ್ಲ. ಹಡಗುಗಳಲ್ಲಿ ಬರುತ್ತಿದ್ದ ಆ ಬಿಳಿಯ ಪಾತ್ರೆಗಳನ್ನು ಬೆಳಕಿಗೆ ಹಿಡಿದರೆ ಬೆಳಕು ಒಳಗೆ ಇಳಿಯುತ್ತಿತ್ತು. ಬೆರಳಿನಿಂದ ತಟ್ಟಿದರೆ ಗಂಟೆಯ ನಾದ ಹೊರಡುತ್ತಿತ್ತು. ಯೂರೋಪಿನ ಕುಂಬಾರರು ಏನು ಮಾಡಿದರೂ ಅದು ಅವರಿಗೆ ಸಾಧಿಸಲಿಲ್ಲ. ‘ಬಿಳಿಯ ಬಂಗಾರ’ವೆಂದು ಅದನ್ನು ಕರೆದುದರಲ್ಲಿ ಆಶ್ಚರ್ಯವಿಲ್ಲ.

ಆ ಗುಟ್ಟು ಬಯಲಾದುದು ನಿಜವಾದ ಬಂಗಾರದ ಹುಡುಕಾಟದಿಂದ. ಬರ್ಲಿನ್ನಿನ ಔಷಧದಂಗಡಿಯೊಂದರಲ್ಲಿ ಕೆಲಸ ಕಲಿಯುತ್ತಿದ್ದ ಯೋಹಾನ್ ಫ್ರೀಡ್ರಿಖ್ ಬಟ್ಗರ್ ಎಂಬ ತರುಣನು ತಾನು ಹೀನಲೋಹವನ್ನು ಚಿನ್ನವಾಗಿಸಬಲ್ಲೆನೆಂದು ಹೇಳಿಕೊಂಡನು. ಸುದ್ದಿ ಪ್ರಷ್ಯದ ರಾಜನ ಕಿವಿಗೆ ಬಿದ್ದೊಡನೆ ಹೆದರಿ, ೧೭೦೧ರಲ್ಲಿ ಸ್ಯಾಕ್ಸನಿಗೆ ಓಡಿ ಬಂದನು. ಬಾಣಲೆಯಿಂದ ಬೆಂಕಿಗೆ ಬಿದ್ದಂತಾಯಿತು. ಖಜಾನೆ ಬರಿದಾಗಿದ್ದ ಅಗಸ್ಟಸನು ಈ ರಸವಾದಿಯನ್ನು ಬಿಡುವನೇ? ಕಾವಲಿನಲ್ಲಿರಿಸಿ, ಚಿನ್ನ ಮಾಡೆಂದು ಆಜ್ಞಾಪಿಸಿದನು.

ಚಿನ್ನವೇನೋ ಆಗಲಿಲ್ಲ. ಆದರೆ ಚಿರ್ನ್‌ಹೌಸ್ ಎಂಬ ವಿದ್ವಾಂಸನು ಅದೇ ಸಂಸ್ಥಾನದಲ್ಲಿ ಬಹುಕಾಲದಿಂದ ಮಣ್ಣು ಶಿಲೆಗಳನ್ನು ತೀವ್ರವಾದ ಶಾಖದಲ್ಲಿ ಕರಗಿಸುವ ಪ್ರಯೋಗಗಳನ್ನು ನಡೆಸುತ್ತಿದ್ದನು. ಬಟ್ಗರನನ್ನು ಆತನ ಮೇಲ್ವಿಚಾರಣೆಗೆ ಒಪ್ಪಿಸಲಾಯಿತು. ಇಬ್ಬರ ದುಡಿಮೆಯಿಂದ ಮೊದಲು ಕೆಂಪು ಕಂದು ಬಣ್ಣದ ಗಟ್ಟಿ ಮಣ್ಣಿನ ಪಾತ್ರೆ ಹುಟ್ಟಿತು. ೧೭೦೮ರ ವೇಳೆಗೆ ಕೆಯೋಲಿನ್ ಎಂಬ ಬಿಳಿಯ ಜೇಡಿಮಣ್ಣಿನಿಂದ ಪಿಂಗಾಣಿ ಕೈಗೂಡಿತು. ಚಿರ್ನ್‌ಹೌಸನು ಅದೇ ವರ್ಷ ತೀರಿಕೊಂಡನು. ೧೭೧೦ರಲ್ಲಿ ಎಲ್ಬ್ ನದಿಯ ದಂಡೆಯ ಮೈಸೆನ್ ಪಟ್ಟಣದಲ್ಲಿ, ಗುಡ್ಡದ ಮೇಲಿನ ಆಲ್ಬ್ರೆಕ್ಟ್ಸ್‌ಬುರ್ಗ್ ಕೋಟೆಯಲ್ಲಿ ಕಾರ್ಖಾನೆ ನೆಲೆಗೊಂಡಿತು. ಗುಟ್ಟು ಹೊರಬೀಳದಿರಲೆಂದೇ ಕೋಟೆಯನ್ನು ಆರಿಸಿದ್ದು. ಬಟ್ಗರನ ಆರೋಗ್ಯವನ್ನು ಸೆರೆಯೂ ಹೊಗೆಯೂ ಕುಡಿತವೂ ತಿಂದುಹಾಕಿದ್ದವು. ೧೭೧೯ರಲ್ಲಿ, ಮೂವತ್ತೇಳರ ಪ್ರಾಯದಲ್ಲಿ, ಆತನು ಮಡಿದನು.

ದೊರೆಯ ಬಯಕೆ

ಪಿಂಗಾಣಿ ಕೈಗೆ ಬಂದ ಮೇಲೆ ಅಗಸ್ಟಸನ ಆಸೆ ಇನ್ನೂ ಬೆಳೆಯಿತು. ಡ್ರೆಸ್ಡೆನ್ನಿನಲ್ಲಿ ಕೊಂಡ ಒಂದು ಸೌಧವನ್ನು ಹಿಗ್ಗಿಸಿ ‘ಜಪಾನೀ ಅರಮನೆ’ ಎಂದು ಹೆಸರಿಟ್ಟನು. ಅದರ ಒಳಗೆಲ್ಲ ಪಿಂಗಾಣಿಯೇ ತುಂಬಿರಬೇಕು. ಅದರಲ್ಲಿಯೂ ಒಂದು ಉದ್ದನೆಯ ಹಜಾರದ ತುಂಬ ಸಿಂಹ, ಆನೆ, ಕರಡಿ, ನವಿಲು, ರಣಹದ್ದು, ಮಂಗ, ಗಿಣಿ ಮುಂತಾದ ನೂರಾರು ಪ್ರಾಣಿಪಕ್ಷಿಗಳು ಸಾಧ್ಯವಾದಷ್ಟೂ ಜೀವಗಾತ್ರದಲ್ಲಿ ಪಿಂಗಾಣಿಯಿಂದ ಮೂಡಿ ನಿಲ್ಲಬೇಕು. ಅಂತಹುದನ್ನು ಚೀನದವರು ಕೂಡ ಮಾಡಿರಲಿಲ್ಲ.

ಈ ಕೆಲಸಕ್ಕೆ ಮೊದಲು ನೇಮಕಗೊಂಡವನು ಗಾಟ್ಲೀಬ್ ಕಿರ್ಖ್ನರ್ ಎಂಬ ಶಿಲ್ಪಿ. ೧೭೩೧ರಲ್ಲಿ ಆತನ ಜೊತೆಗೆ ಇಪ್ಪತ್ತೈದು ವರ್ಷದ ಇನ್ನೊಬ್ಬ ತರುಣನು ಬಂದು ಸೇರಿದನು. ಆತನೇ ಯೋಹಾನ್ ಯೋಆಖಿಮ್ ಕ್ಯಾಂಡ್ಲರ್. ಡ್ರೆಸ್ಡೆನ್ನಿನ ಬಳಿಯ ಹಳ್ಳಿಯೊಂದರ ಪಾದ್ರಿಯ ಮಗ. ಆಸ್ಥಾನ ಶಿಲ್ಪಿ ತೋಮೆ ಎಂಬಾತನ ಶಿಷ್ಯ. ಕಲ್ಲು ಮರಗಳ ಕೆಲಸ ಬಲ್ಲವನೇ ಹೊರತು ಪಿಂಗಾಣಿಯನ್ನು ಮುಟ್ಟಿದವನಲ್ಲ. ಎರಡು ವರ್ಷಗಳಲ್ಲಿ ಕಿರ್ಖ್ನರನು ಕಾರ್ಖಾನೆ ಬಿಟ್ಟು ಹೋದನು. ಕ್ಯಾಂಡ್ಲರನು ೧೭೭೫ರಲ್ಲಿ ಸಾಯುವವರೆಗೆ, ನಲವತ್ತನಾಲ್ಕು ವರ್ಷ, ಅಲ್ಲಿಯೇ ದುಡಿದನು.

ಈ ಇಬ್ಬರ ಕೆಲಸದ ನಡುವಣ ಅಂತರವನ್ನು ಅರಿಯಬೇಕಾದರೆ ಒಂದು ಭಾರತೀಯ ಪ್ರಾಣಿಯ ಕಥೆಯನ್ನು ಕೇಳಬೇಕು.

ಗೋವೆಯಿಂದ ಹೊರಟ ಖಡ್ಗಮೃಗ

ಬಿಜಾಪುರದ ಆದಿಲಶಾಹಿಯಿಂದ ಪೋರ್ಚುಗೀಸರು ಗೋವೆಯನ್ನು ಕಸಿದುಕೊಂಡುದು ೧೫೧೦ರಲ್ಲಿ. ಕೆಲವು ವರ್ಷಗಳ ತರುವಾಯ ಗುಜರಾತಿನ ಸುಲ್ತಾನನು ಪೋರ್ಚುಗೀಸ್ ಗವರ್ನರನಾದ ಆಲ್ಬುಕರ್ಕನಿಗೆ ಒಂದು ಖಡ್ಗಮೃಗವನ್ನು ಉಡುಗೊರೆಯಾಗಿ ಕಳುಹಿಸಿದನು. ಅದನ್ನಿಟ್ಟುಕೊಂಡು ಏನು ಮಾಡುವುದೆಂದು ತಿಳಿಯದೆ ಆಲ್ಬುಕರ್ಕನು ೧೫೧೫ರ ಜನವರಿಯಲ್ಲಿ ಅದನ್ನು ಗೋವೆಯಿಂದ ಹಡಗು ಹತ್ತಿಸಿ ತನ್ನ ರಾಜನ ಬಳಿಗೆ ಅಟ್ಟಿದನು. ಮೇ ತಿಂಗಳಲ್ಲಿ ಅದು ಲಿಸ್ಬನ್ ತಲಪಿತು. ರೋಮನ್ನರ ಕಾಲದ ಈಚೆಗೆ ಯೂರೋಪು ಅಂತಹ ಪ್ರಾಣಿಯನ್ನು ಕಂಡಿರಲಿಲ್ಲ. ಮರುವರ್ಷ ಅದನ್ನು ಪೋಪರಿಗೆ ಕಾಣಿಕೆಯಾಗಿ ಸಾಗಿಸುತ್ತಿದ್ದಾಗ ಇಟಲಿಯ ಕರಾವಳಿಯ ಬಳಿ ಹಡಗು ಒಡೆದು ಆ ಬಡಪ್ರಾಣಿ ಮುಳುಗಿಹೋಯಿತು.

ಅಷ್ಟರಲ್ಲಿ ಜರ್ಮನಿಯ ಮಹಾಚಿತ್ರಕಾರ ಆಲ್ಬ್ರೆಕ್ಟ್ ಡ್ಯೂರರನು, ಬೇರೆಯವರು ಬರೆದು ಕಳುಹಿಸಿದ ವರ್ಣನೆ ಮತ್ತು ರೇಖಾಚಿತ್ರಗಳ ಆಧಾರದಿಂದ, ಆ ಪ್ರಾಣಿಯನ್ನು ಕಣ್ಣಾರೆ ಕಾಣದೆಯೇ ಮರದಚ್ಚಿನ ಚಿತ್ರವೊಂದನ್ನು ರಚಿಸಿದನು. ಆ ಚಿತ್ರದ ಮೃಗಕ್ಕೆ ಯೋಧನ ಕವಚದಂತಹ ಫಲಕಗಳಿವೆ. ಹೆಗಲ ಮೇಲೆ ನಿಜದಲ್ಲಿಲ್ಲದ ಇನ್ನೊಂದು ಪುಟ್ಟ ಕೊಂಬಿದೆ. ಇನ್ನೂರು ವರ್ಷಗಳಿಗೂ ಮಿಗಿಲಾಗಿ ಯೂರೋಪು ಖಡ್ಗಮೃಗವೆಂದರೆ ಇದೇ ಎಂದು ನಂಬಿತು. ೧೭೩೧ರಲ್ಲಿ ಕಿರ್ಖ್ನರನು ಅಗಸ್ಟಸನಿಗಾಗಿ ಮಾಡಿದ ಪಿಂಗಾಣಿಯ ಖಡ್ಗಮೃಗವೂ ಡ್ಯೂರರನ ಚಿತ್ರದ ಪಡಿಯಚ್ಚೇ: ಅದೇ ಕವಚ, ಅದೇ ಸುಳ್ಳು ಕೊಂಬು. ನೋಡಲು ಭವ್ಯವಾದುದಾದರೂ ಅದು ಪುಸ್ತಕದ ಪ್ರಾಣಿ.

ಕ್ಯಾಂಡ್ಲರನ ದಾರಿಯೇ ಬೇರೆ. ದೊರೆಯ ಮೃಗಶಾಲೆಗಳಲ್ಲಿ ಸಜೀವ ಪ್ರಾಣಿಗಳಿದ್ದವು. ಆಸ್ಥಾನದ ಸಂಗ್ರಹದಲ್ಲಿ ಒಣಗಿಸಿ ತುಂಬಿದ ಹಕ್ಕಿಗಳಿದ್ದವು. ಕ್ಯಾಂಡ್ಲರನು ಅವುಗಳ ಮುಂದೆ ಕುಳಿತು ಬರೆದುಕೊಂಡನು. ಕೊಕ್ಕರೆಯು ಕತ್ತು ತಿರುಗಿಸಿ ಗರಿಗಳನ್ನು ಹೇಗೆ ತಿದ್ದಿಕೊಳ್ಳುತ್ತದೆ, ಹದ್ದು ಬೇಟೆಯ ಮೇಲೆ ಹೇಗೆ ಬಾಗುತ್ತದೆ, ಮರಕುಟುಕವು ಕಾಂಡವನ್ನು ಯಾವ ಬಗೆಯಲ್ಲಿ ಅಪ್ಪಿ ಹಿಡಿಯುತ್ತದೆ ಎಂಬುದನ್ನೆಲ್ಲ ಗಮನಿಸಿದನು. ಆತನ ಹಕ್ಕಿಗಳು ಪೀಠದ ಮೇಲೆ ಸುಮ್ಮನೆ ನಿಲ್ಲುವುದಿಲ್ಲ, ಏನನ್ನೋ ಮಾಡುತ್ತಿರುತ್ತವೆ.

ಮುಂದೆ ೧೭೪೭ರಲ್ಲಿ ಮತ್ತೊಂದು ಭಾರತೀಯ ಖಡ್ಗಮೃಗ ಡ್ರೆಸ್ಡೆನ್ನಿಗೆ ಬಂದಿತು. ಬೇಟೆಗಾರರಿಂದ ತಾಯಿಯನ್ನು ಕಳೆದುಕೊಂಡ ಅದನ್ನು ಬಂಗಾಳದಲ್ಲಿದ್ದ ಡಚ್ ಕಂಪೆನಿಯ ಅಧಿಕಾರಿಯೊಬ್ಬನು ಮನೆಯಲ್ಲಿ ಸಾಕಿದ್ದನು. ಬಳಿಕ ಒಬ್ಬ ಡಚ್ ಕಪ್ತಾನನು ಯೂರೋಪಿಗೆ ಒಯ್ದು ಊರೂರು ಸುತ್ತಿಸಿ ಪ್ರದರ್ಶಿಸುತ್ತಿದ್ದನು. ‘ಕ್ಲಾರಾ’ ಎಂದು ಅದರ ಹೆಸರು. ನಡುವಯಸ್ಸಿನ ಕ್ಯಾಂಡ್ಲರನು ಹೋಗಿ ಅದನ್ನು ನೋಡಿ ಮಾದರಿಯಾಗಿ ರೂಪಿಸಿಕೊಂಡನು. ಗೋವೆಯ ಮೃಗ ಹಡಗೇರಿ ಇನ್ನೂರ ಮೂವತ್ತೆರಡು ವರ್ಷಗಳಾದ ಮೇಲೆ ಮೈಸೆನ್ನಿನ ಶಿಲ್ಪಿಯೊಬ್ಬನು ನಿಜವಾದ ಖಡ್ಗಮೃಗದ ಎದುರಿಗೆ ನಿಂತಿದ್ದನು.

ಆವಿಗೆಯ ಹಟ

ಶಿಲ್ಪಿಯ ಕಣ್ಣು ಎಷ್ಟು ಚುರುಕಾಗಿದ್ದರೂ ಕೊನೆಯ ಮಾತು ಆವಿಗೆಯದು. ಪಿಂಗಾಣಿಯ ಬೊಂಬೆಯೊಂದು ಹುಟ್ಟುವ ಕ್ರಮವನ್ನು ಅರಿತರೆ ಇದು ಸ್ಪಷ್ಟವಾಗುತ್ತದೆ.

ಶಿಲ್ಪಿಯು ಮೊದಲು ಜೇಡಿಮಣ್ಣು ಇಲ್ಲವೆ ಮೇಣದಲ್ಲಿ ಮೂಲಮಾದರಿಯನ್ನು ಮಾಡುತ್ತಾನೆ. ಆ ಮಾದರಿಯನ್ನು ತಲೆ, ಕಾಲು, ಬಾಲ, ರೆಕ್ಕೆ ಎಂದು ಭಾಗ ಮಾಡಿ ಪ್ರತಿಯೊಂದಕ್ಕೂ ಪ್ಲಾಸ್ಟರಿನ ಅಚ್ಚು ತೆಗೆಯುತ್ತಾರೆ. ಕೆಯೋಲಿನ್, ಫೆಲ್ಡ್‌ಸ್ಪಾರ್ ಮತ್ತು ಬೆಣಚುಕಲ್ಲಿನ ಪುಡಿಗಳನ್ನು ಕಲಸಿದ ಹದವಾದ ಮಣ್ಣನ್ನು ಆ ಅಚ್ಚುಗಳೊಳಗೆ ಒತ್ತುತ್ತಾರೆ. ಅನಂತರ ನುರಿತ ಕೆಲಸಗಾರನೊಬ್ಬನು ಬಿಡಿ ಅಂಗಗಳನ್ನು ಅದೇ ಮಣ್ಣಿನ ತಿಳಿಗೊಜ್ಜಿನಿಂದ ಅಂಟಿಸಿ, ಬೆಸುಗೆಯ ಗೆರೆಗಳನ್ನು ಅಳಿಸಿ, ಗರಿ ರೋಮಗಳ ಗೀರುಗಳನ್ನು ಮತ್ತೆ ತೀಡುತ್ತಾನೆ. ಬೊಂಬೆ ನಿಧಾನವಾಗಿ ಒಣಗಬೇಕು. ಆಮೇಲೆ ಸುಡಬೇಕು, ಮೆರುಗಿನ ದ್ರವದಲ್ಲಿ ಅದ್ದಬೇಕು, ಸುಮಾರು ೧,೪೦೦ ಡಿಗ್ರಿ ಸೆಂಟಿಗ್ರೇಡ್ ಶಾಖದಲ್ಲಿ ಮತ್ತೊಮ್ಮೆ ಸುಡಬೇಕು. ಬಣ್ಣ ಬಳಿದ ಮೇಲೆ ಅದಕ್ಕಾಗಿ ಇನ್ನೊಂದು, ಸೌಮ್ಯವಾದ, ಸುಡುವಿಕೆ ಉಂಟು.

ಈ ಬೆಂಕಿಯಲ್ಲಿ ಬೊಂಬೆಯು ಆರರಲ್ಲೊಂದು ಪಾಲಿನಷ್ಟು ಕುಗ್ಗುತ್ತದೆ. ಹನ್ನೆರಡು ಅಂಗುಲದ ಕುದುರೆ ಹೊರಬರುವಾಗ ಹತ್ತು ಅಂಗುಲದ್ದಾಗಿರುತ್ತದೆ. ಅಷ್ಟೇ ಅಲ್ಲ, ಉರಿಯ ನಡುವೆ ಮಣ್ಣು ಮೆತ್ತಗಾಗಿ ತನ್ನ ಭಾರಕ್ಕೆ ತಾನೇ ಬಾಗುತ್ತದೆ. ಆದುದರಿಂದ ಚಾಚಿದ ಕಾಲಿಗೆ, ಎತ್ತಿದ ಬಾಲಕ್ಕೆ ಊರುಗೋಲುಗಳನ್ನು ಕೊಡಬೇಕು. ಆ ಊರುಗೋಲುಗಳೂ ಅದೇ ಮಣ್ಣಿನವಾಗಿರಬೇಕು. ಬೊಂಬೆ ಕುಗ್ಗಿದಂತೆ ಅವೂ ಕುಗ್ಗದಿದ್ದರೆ ಅಂಗ ಮುರಿಯುವುದು ಖಂಡಿತ.

ಅಂಗೈಯಗಲದ ಬೊಂಬೆಗೇ ಇಷ್ಟು ಕಷ್ಟವಿದ್ದರೆ ದೊಡ್ಡ ಪ್ರಾಣಿಗಳ ಪಾಡೇನು? ಮೈಸೆನ್ನಿನಲ್ಲಿ ಅವು ಒಣಗುವಾಗ ಒಡೆದವು, ಸುಡುವಾಗ ಸೀಳಿದವು. ಮಣ್ಣಿನ ಪಾಕವನ್ನು ಬದಲಾಯಿಸಿ ನೋಡಿದರು. ಆದರೂ ಹೊಟ್ಟೆಯ ಮೇಲೆ, ಪಕ್ಕೆಗಳ ಮೇಲೆ, ಪೀಠದ ಉದ್ದಕ್ಕೂ ಬಿರುಕುಗಳು ಬಾಯಿ ಬಿಟ್ಟವು. ಬಣ್ಣಕ್ಕಾಗಿ ಮತ್ತೊಮ್ಮೆ ಆವಿಗೆಗೆ ಇಡುವ ಧೈರ್ಯ ಯಾರಿಗೂ ಬರಲಿಲ್ಲ. ಸುಡದ ಬಣ್ಣವನ್ನೇ ಹಚ್ಚಿದರು. ಕಾಲಕ್ರಮದಲ್ಲಿ ಅದು ಉದುರಿಹೋಯಿತು ಇಲ್ಲವೆ ಕೆರೆದು ತೆಗೆಯಲ್ಪಟ್ಟಿತು. ಇಂದು ನಾವು ಕಾಣುವ ಆ ಪ್ರಾಣಿಗಳು ಬಹುಮಟ್ಟಿಗೆ ಅಚ್ಚಬಿಳಿಯಾಗಿರುವುದಕ್ಕೆ ಇದೇ ಕಾರಣ.

೧೭೩೩ರ ಫೆಬ್ರವರಿಯಲ್ಲಿ ಅಗಸ್ಟಸನು ತೀರಿಕೊಂಡನು. ಆತನ ಮಗನಿಗೆ ಪಿಂಗಾಣಿಗಿಂತ ತೈಲಚಿತ್ರಗಳಲ್ಲಿ ಒಲವು ಹೆಚ್ಚು. ಕೆಲಸವು ಇನ್ನೂ ಕೆಲವು ವರ್ಷ ಕುಂಟುತ್ತ ಸಾಗಿ ನಿಂತಿತು. ಪಿಂಗಾಣಿಯ ಮೃಗಶಾಲೆ ದೊರೆ ಕನಸಿದಂತೆ ಎಂದೂ ಪೂರ್ಣವಾಗಲಿಲ್ಲ.

ಊಟದ ಮೇಜಿನ ಮೇಲೆ

ದೊಡ್ಡ ಪ್ರಾಣಿಗಳು ಸೋತಲ್ಲಿ ಚಿಕ್ಕವು ಗೆದ್ದವು. ಆ ಕಾಲದ ಶ್ರೀಮಂತರ ಔತಣಗಳಲ್ಲಿ ಮೇಜಿನ ನಡುವೆ ಸಕ್ಕರೆಯ ಪಾಕದಿಂದ ಮಾಡಿದ ಬೊಂಬೆಗಳನ್ನು ಜೋಡಿಸುವ ರೂಢಿಯಿತ್ತು. ಸಕ್ಕರೆ ಕರಗುತ್ತದೆ, ಮುರಿಯುತ್ತದೆ. ಅದರ ಸ್ಥಾನಕ್ಕೆ ಕ್ಯಾಂಡ್ಲರನ ಪಿಂಗಾಣಿ ಬೊಂಬೆಗಳು ಬಂದು ಕುಳಿತವು. ಅಂಗೈಯಗಲದಲ್ಲಿ ಮಣ್ಣು ಮಾತು ಕೇಳುತ್ತಿತ್ತು. ಬಣ್ಣಗಳನ್ನು ಹೆದರದೆ ಸುಡಬಹುದಾಗಿತ್ತು. ಹಿರಿಯ ಹಕ್ಕಿಗಳನ್ನು ಮಾಡುತ್ತ ಕಲಿತುದೆಲ್ಲವೂ ಈ ಕಿರಿಯವುಗಳಲ್ಲಿ ಫಲಿಸಿತು.

ಕಾರ್ಖಾನೆಯ ಮೇಲಧಿಕಾರಿಯೂ ಸಂಸ್ಥಾನದ ಪ್ರಭಾವಶಾಲಿ ಮಂತ್ರಿಯೂ ಆದ ಕೌಂಟ್ ಬ್ರೂಲನಿಗಾಗಿ ೧೭೩೭ರಿಂದ ೧೭೪೨ರವರೆಗೆ ಕ್ಯಾಂಡ್ಲರನೂ ಆತನ ಸಹಾಯಕ ಎಬರ್ಲೈನನೂ ಕೂಡಿ ರಚಿಸಿದ ‘ಹಂಸಗಳ ಊಟದ ಸೆಟ್ಟು’ ಜಗತ್ಪ್ರಸಿದ್ಧವಾದುದು. ನೂರು ಮಂದಿಯ ಔತಣಕ್ಕೆಂದು ಎರಡು ಸಾವಿರದ ಇನ್ನೂರಕ್ಕೂ ಹೆಚ್ಚು ಸಾಮಾನುಗಳು! ಪ್ರತಿ ತಟ್ಟೆಯ ಮೇಲೂ ತೆಳುವಾದ ಉಬ್ಬುಕೆತ್ತನೆಯಲ್ಲಿ ಜೋಡಿ ಹಂಸಗಳು ತೇಲುತ್ತವೆ. ಜೊಂಡಿನ ನಡುವೆ ಬಕಪಕ್ಷಿ ನಿಂತಿರುತ್ತದೆ.

ವಿನೋದಕ್ಕೂ ಕೊರತೆಯಿರಲಿಲ್ಲ. ಮೋಟುಮೂಗಿನ ಪಗ್ ನಾಯಿಗಳು ಆಗ ಶ್ರೀಮಂತರ ಮುದ್ದಿನ ಪ್ರಾಣಿಗಳು. ಕೆರೆದುಕೊಳ್ಳುವ ಪಗ್, ಮರಿಗೆ ಹಾಲೂಡಿಸುವ ಪಗ್ ಎಂದು ಕ್ಯಾಂಡ್ಲರನು ಅವುಗಳನ್ನು ನಾನಾ ಭಂಗಿಗಳಲ್ಲಿ ಮಾಡಿದನು. ‘ಮಂಗಗಳ ವಾದ್ಯಗೋಷ್ಠಿ’ಯಂತೂ ಯೂರೋಪನ್ನೇ ನಗಿಸಿತು. ಜರತಾರಿಯ ಅಂಗಿ ತೊಟ್ಟು, ಕೃತಕ ಕೂದಲು ಧರಿಸಿ, ಪಿಟೀಲು ಕೊಳಲುಗಳನ್ನು ಹಿಡಿದ ಮಂಗಗಳು. ಅವುಗಳ ಮುಂದೆ ತಾಳ ತಪ್ಪಿತೆಂದು ಕೆರಳಿದ ನಿರ್ದೇಶಕ ಮಂಗ! ೧೭೫೩ರಲ್ಲಿ ಪ್ಯಾರಿಸ್ಸಿನಲ್ಲಿ ಫ್ರಾನ್ಸಿನ ದೊರೆಯ ಪ್ರೇಯಸಿ ಮದಾಂ ಪಾಂಪದೂರ್ ಅಂತಹ ಒಂದು ಗೋಷ್ಠಿಯನ್ನು ಕೊಂಡಳು. ಇಂಗ್ಲೆಂಡಿನ ಚೆಲ್ಸಿ ಕಾರ್ಖಾನೆ ಅದನ್ನು ಅನುಕರಿಸಿತು.

ಆದರೂ ಶಿಲ್ಪಿಯ ಎದೆಯಲ್ಲಿ ದೊಡ್ಡದರ ಹಂಬಲ ಸತ್ತಿರಲಿಲ್ಲ. ಅಗಸ್ಟಸನ ಮಗ ಮೂರನೆಯ ಅಗಸ್ಟಸನು ಕುದುರೆಯ ಮೇಲೆ ಕುಳಿತ ಬೃಹತ್ ಪ್ರತಿಮೆಯನ್ನು ಪಿಂಗಾಣಿಯಲ್ಲಿಯೇ ಮಾಡಿ ನಿಲ್ಲಿಸುವೆನೆಂದು ೧೭೫೧ರ ವೇಳೆಗೆ ಆತನು ತೊಡಗಿದನು. ಸಣ್ಣ ಗಾತ್ರದ ಮಾದರಿ ಪಿಂಗಾಣಿಯಲ್ಲಿ ಸಿದ್ಧವಾಯಿತು. ಪೂರ್ಣ ಗಾತ್ರದ ಮಾದರಿ ಪ್ಲಾಸ್ಟರಿನಲ್ಲಿ ಎದ್ದು ನಿಂತಿತು. ಅಷ್ಟರಲ್ಲಿ, ೧೭೫೬ರಲ್ಲಿ, ಪ್ರಷ್ಯದ ಸೇನೆ ಸ್ಯಾಕ್ಸನಿಯ ಮೇಲೆ ಏರಿ ಬಂದಿತು. ಏಳು ವರ್ಷ ಯುದ್ಧ ನಡೆಯಿತು. ಅದು ಮುಗಿದ ೧೭೬೩ರಲ್ಲಿಯೇ ದೊರೆಯೂ ತೀರಿಕೊಂಡನು. ದೊಡ್ಡ ಕುದುರೆ ಎಂದೂ ಆವಿಗೆಯನ್ನು ಕಾಣಲಿಲ್ಲ. ಉಳಿದುದು ಸಣ್ಣ ಮಾದರಿ. ಮೊದಲ ಅಗಸ್ಟಸನ ಮೃಗಶಾಲೆಗೆ ಆದ ಗತಿಯೇ ಈ ಕುದುರೆಗೂ ಆಯಿತು.

ವಾರಸುದಾರರು

ಕ್ಯಾಂಡ್ಲರನು ಹಾಕಿಕೊಟ್ಟ ದಾರಿಯಲ್ಲಿ ಇಪ್ಪತ್ತನೆಯ ಶತಮಾನದಲ್ಲಿಯೂ ಅನೇಕರು ನಡೆದರು. ಮೈಸೆನ್ನಿಗಾಗಿ ದುಡಿದ ಮಾಕ್ಸ್ ಎಸ್ಸರ್ ಬರ್ಲಿನ್ನಿನ ಮೃಗಾಲಯದಲ್ಲಿ ಪ್ರಾಣಿಗಳನ್ನು ಅಭ್ಯಾಸ ಮಾಡಿದವನು. ಬಟ್ಗರನು ಪಿಂಗಾಣಿಗೆ ಮೊದಲು ಕಂಡುಹಿಡಿದಿದ್ದ ಆ ಕಂದು ಮಣ್ಣಿನಲ್ಲಿಯೇ ಎಸ್ಸರನು ರೂಪಿಸಿದ ನೀರುನಾಯಿಗೆ ೧೯೩೭ರ ಪ್ಯಾರಿಸ್ ವಿಶ್ವಪ್ರದರ್ಶನದಲ್ಲಿ ಅತ್ಯುನ್ನತ ಬಹುಮಾನ ದೊರೆಯಿತು.

ಇಂಗ್ಲೆಂಡಿನ ಡೊರೊತಿ ಡೌಟಿ ಎಂಬ ಮಹಿಳೆ ರಾಯಲ್ ವೂಸ್ಟರ್ ಕಾರ್ಖಾನೆಗಾಗಿ ೧೯೩೫ರಿಂದ ಅಮೆರಿಕದ ಹಕ್ಕಿಗಳ ಮಾಲೆಯೊಂದನ್ನು ರಚಿಸಿದರು. ತಮ್ಮ ನಾಡಿನಲ್ಲಿದ್ದುಕೊಂಡೇ ಆರಂಭಿಸಿದ ಕೆಲಸವದು. ಆದರೆ ಕಾಣದ ಕಾಡಿನ ಹಕ್ಕಿಯಿಂದ ತೃಪ್ತಿಯಾಗದೆ ೧೯೫೦ರ ದಶಕದಲ್ಲಿ ಅಮೆರಿಕಕ್ಕೇ ಹೋಗಿ ಅವುಗಳನ್ನು ನೋಡಿ ಬಂದರು. ಮಿತವಾದ ಸಂಖ್ಯೆಯಲ್ಲಿ ಮಾತ್ರ ಬೊಂಬೆಗಳನ್ನು ಮಾಡಿ ಮಾರುವ ಪದ್ಧತಿಗೆ ಈ ಹಕ್ಕಿಗಳು ಪ್ರಸಿದ್ಧಿ ತಂದುಕೊಟ್ಟವು.

ಅಮೆರಿಕದ ಎಡ್ವರ್ಡ್ ಮಾರ್ಷಲ್ ಬೋಮ್ ದನಗಳನ್ನು ಸಾಕುವ ವೃತ್ತಿಯಿಂದ ಶಿಲ್ಪಕ್ಕೆ ಬಂದವರು. ೧೯೫೦ರಲ್ಲಿ ಟ್ರೆಂಟನ್ ನಗರದಲ್ಲಿ ಪಿಂಗಾಣಿಯ ಕೆಲಸವನ್ನು ಆರಂಭಿಸಿದ ಅವರು ಹಕ್ಕಿಗಳನ್ನು ಸಾಕಿ, ದಿನವೂ ನೋಡಿ, ಮಾದರಿ ಮಾಡುತ್ತಿದ್ದರು. ೧೯೬೯ರಲ್ಲಿ ಅವರು ತೀರಿಕೊಂಡ ಮೇಲೆಯೂ ಪತ್ನಿ ಹೆಲೆನ್ ಸಂಸ್ಥೆಯನ್ನು ನಡೆಸಿದರು. ೧೯೭೨ರಲ್ಲಿ ಅಮೆರಿಕದ ಅಧ್ಯಕ್ಷ ನಿಕ್ಸನ್ ಚೀನಕ್ಕೆ ಹೋದಾಗ ಮಾವೋ ಅವರಿಗೆ ಕೊಂಡೊಯ್ದ ಉಡುಗೊರೆ ಈ ಸಂಸ್ಥೆಯ ಪಿಂಗಾಣಿ ಹಂಸಗಳು. ಯಾವ ನಾಡಿನ ಗುಟ್ಟಿಗಾಗಿ ಬಟ್ಗರನು ಸೆರೆಯಲ್ಲಿ ಸವೆದನೋ ಆ ನಾಡಿಗೆ ಪಿಂಗಾಣಿ ಹೀಗೆ ಹಂಸವಾಗಿ ಮರಳಿತು.

ಸಂಗ್ರಾಹಕನ ಕಣ್ಣು

ಇಂತಹ ಬೊಂಬೆಗಳನ್ನು ಸಂಗ್ರಹಿಸುವವರು ಮೊದಲು ತಳವನ್ನು ತಿರುಗಿಸಿ ನೋಡುತ್ತಾರೆ. ಮೈಸೆನ್ನಿನ ಗುರುತು ಅಡ್ಡಲಾಗಿ ಇಟ್ಟ ಎರಡು ನೀಲಿ ಕತ್ತಿಗಳು. ೧೭೨೦ರ ದಶಕದಿಂದ ಅದು ಬಳಕೆಯಲ್ಲಿದೆ. ಆದರೆ ಗುರುತನ್ನು ಕಳ್ಳರೂ ಬರೆಯಬಲ್ಲರು. ಬಲ್ಲವರು ಗುರುತಿಗಿಂತ ಕೆಲಸವನ್ನು ನಂಬುತ್ತಾರೆ: ಬೆಸುಗೆಯ ಗೆರೆ ಮರೆಯಾಗಿದೆಯೇ? ಗರಿಗಳ ಅಂಚು ಚೂಪಾಗಿದೆಯೇ, ಸವೆದ ಅಚ್ಚಿನಿಂದ ಬಂದು ಮೊಂಡಾಗಿದೆಯೇ? ಕಣ್ಣಿನ ಬೊಟ್ಟನ್ನು ಇಟ್ಟ ಕೈ ಅಳುಕಿದೆಯೇ? ಒಂದೇ ಅಚ್ಚಿನಿಂದ ಬಂದ ಎರಡು ನಾಯಿಗಳು ಒಂದೇ ತೆರನಾಗಿರುವುದಿಲ್ಲ. ಅಂಗಗಳನ್ನು ಕೂಡಿಸಿದ ಕೈ, ಬಣ್ಣ ಬಳಿದ ಕೈ ಬೇರೆ ಬೇರೆಯಾದರೆ ಒಂದು ನಾಯಿ ಬೊಗಳುವಂತೆಯೂ ಇನ್ನೊಂದು ಆಕಳಿಸುವಂತೆಯೂ ತೋರಬಹುದು. ಶಿಲ್ಪಿಯ ಹೆಸರು ಚರಿತ್ರೆಯಲ್ಲಿ ಉಳಿಯಿತು. ಈ ಕೈಗಳ ಒಡೆಯರಲ್ಲಿ ಬಹುಮಂದಿಯ ಹೆಸರು ಯಾರಿಗೂ ಗೊತ್ತಿಲ್ಲ. ಮೈಸೆನ್ನಿನಲ್ಲಿ ಆ ಕೆಲಸ ಇಂದಿಗೂ ನಡೆಯುತ್ತಿದೆ. ಕ್ಯಾಂಡ್ಲರನ ಮಾದರಿಗಳು ಈಗಲೂ ಅಲ್ಲಿನ ಆವಿಗೆಗಳಿಂದ ಹೊರಬರುತ್ತವೆ.

ಜಪಾನೀ ಅರಮನೆಗೆಂದು ಮಾಡಿದ ದೊಡ್ಡ ಪ್ರಾಣಿಗಳಲ್ಲಿ ಅನೇಕವು ಡ್ರೆಸ್ಡೆನ್ನಿನ ಪಿಂಗಾಣಿ ಸಂಗ್ರಹಾಲಯದಲ್ಲಿವೆ. ಕೆಲವು ದೂರದ ಊರುಗಳಿಗೆ ಚದುರಿಹೋಗಿವೆ. ೧೭೩೨ರಲ್ಲಿ ಕ್ಯಾಂಡ್ಲರನು ಮಾಡಿದ, ಮರಿಗೆ ಹಾಲೂಡಿಸುವ ತಾಯಿ ಆಡು ಅಂತಹವುಗಳಲ್ಲೊಂದು. ಸಿಂಹ ಆನೆಗಳನ್ನು ಬಯಸಿದ ದೊರೆಯ ಹಜಾರಕ್ಕೆ, ಯಾವ ಹಳ್ಳಿಯಲ್ಲಾದರೂ ಕಾಣಸಿಗುವ ಆಡು! ಆ ಪ್ರಾಣಿಗಳ ಮೈಮೇಲೆ ಆವಿಗೆಯ ಬಿರುಕುಗಳು ಇನ್ನೂ ಇವೆ. ಬಳಿದ ಬಣ್ಣ ಉದುರಿದೆ; ಆಳಿದ ದೊರೆಯಿಲ್ಲ, ಆತನ ಹಜಾರವೂ ಇಲ್ಲ. ಆದರೆ ಮರಿಗೆ ಹಾಲು ಸಿಗುವವರೆಗೆ ತಾಯಿಯು ಅಲುಗಾಡದೆ ಇರುವ ಆ ಸಹನೆಯನ್ನು ಪಾದ್ರಿಯ ಮಗನು ಎಲ್ಲಿಯೋ ನೋಡಿದ್ದನು. ನೋಡಿದುದನ್ನು ಮಣ್ಣಿಗೆ ತಪ್ಪದೆ ಹೇಳಿದ್ದನು. ಅದು ಮಾತ್ರ ಒಡೆಯಲಿಲ್ಲ.